ಸ್ಕೋರಿನ ಪಟ್ಟಿಯಲ್ಲೂ ಇಲ್ಲ, ಚಂದಾ ಪಟ್ಟಿಯಲ್ಲೂ ಇಲ್ಲ

ಪೇಪರಿನ ಕೊನೇ ಪುಟವನ್ನೇ ಮೊದಲು ಓದುವವರು ನಮ್ಮ ಕಡೆ ಬಹಳ ಮಂದಿ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಕಾಯುವವರು, ಚಿತ್ತಾಪುರ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಡಕಿಗೆ ಟವೆಲ್ಲು ಒಗೆದು ಸೀಟು ಹಿಡಿಯುವವರು, ಸೇಡಂ ಬಜಾರದಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಲ್ಲಾದ ಮುಂದೆ ಕೂತವರು, ಎಲ್ಲರಿಗೂ ಕೊಹ್ಲಿ ಎಷ್ಟು ಹೊಡೆದ, ಬುಮ್ರಾ ಎಷ್ಟು ತೆಗೆದ ಎಂಬುದು ಬಾಯಿಪಾಠ. ಸ್ಕೋರಿನ ಪಟ್ಟಿಯಲ್ಲಿ ಹನ್ನೊಂದು ಹೆಸರು ಇರುತ್ತವೆ. ಅಂಪೈರನ ಹೆಸರೂ ಇರುತ್ತದೆ. ಆದರೆ ಆ ಹನ್ನೊಂದು ಮಂದಿಯನ್ನು ಬೆಳಗ್ಗೆಯಿಂದ ತಿದ್ದಿ ತೀಡಿ ಮೈದಾನಕ್ಕೆ ಕಳಿಸಿದವನ ಹೆಸರು ಎಲ್ಲಿದೆ? ಹುಡುಕಿ ನೋಡ್ರಿ, ಸಿಗುವುದಿಲ್ಲ.

ಇವತ್ತು ಬರೆಯುತ್ತಿರುವುದು ಅಂಥ ಒಬ್ಬನ ಬಗ್ಗೆ. ಅವರು ನಮ್ಮ ಜಿಲ್ಲೆಯವರಲ್ಲ, ಕರಾವಳಿಯವರು. ಆದರೆ ಅವರ ಕಥೆ ಓದಿದರೆ ಚಿಂಚೋಳಿಯಿಂದ ಶಹಾಬಾದಿನ ತನಕ ನಮ್ಮ ಐದೂ ಊರಿನ ಮುಖಕ್ಕೆ ಕನ್ನಡಿ ಹಿಡಿದಂತಾಗುತ್ತದೆ.

ಅಡಿಲೇಡಿನ ಬ್ರಶ್ಶು

2022ರ ನವೆಂಬರ್ 2. ಆಸ್ಟ್ರೇಲಿಯಾದ ಅಡಿಲೇಡ್. ಟಿ-20 ವಿಶ್ವಕಪ್ಪಿನಲ್ಲಿ ಭಾರತ-ಬಾಂಗ್ಲಾದೇಶ ಪಂದ್ಯ. ಭಾರತ 184 ಹೊಡೆದು ಕೂತಿತ್ತು. ಬಾಂಗ್ಲಾದ ಲಿಟನ್ ದಾಸ್ ಎಂಬವ ಹಿಡಿದ ಕಡೆ ಬೌಂಡರಿ ಬಾರಿಸುತ್ತಿದ್ದ. ಅಷ್ಟರಲ್ಲಿ ಮಳೆ. ಮಳೆ ನಿಂತ ಮೇಲೆ 16 ಓವರಿನಲ್ಲಿ 151 ಎಂದು ಗುರಿ ಬದಲಾಯಿತು. ಹುಲ್ಲು ಒದ್ದೆ, ನೆಲ ಜಾರುವಂಥದ್ದು. ನಮ್ಮ ಕೆ.ಎಲ್. ರಾಹುಲ್ ದೂರದಿಂದ ಎಸೆದ ಚೆಂಡು ನೇರ ವಿಕೆಟ್ಟಿಗೆ ಬಡಿದು 60 ಹೊಡೆದಿದ್ದ ಲಿಟನ್ ರನೌಟ್. ಅಲ್ಲಿಂದ ಪಂದ್ಯ ತಿರುಗಿತು. ಭಾರತ 5 ರನ್ನಿನಿಂದ ಗೆದ್ದಿತು. ಇಷ್ಟು ಎಲ್ಲರಿಗೂ ನೆನಪಿದೆ.

ಅದೇ ಪಂದ್ಯದಲ್ಲಿ ಬೌಂಡರಿ ಗೆರೆಯ ಸುತ್ತ ಒಬ್ಬ ಮನುಷ್ಯ ಕೈಯಲ್ಲಿ ಬ್ರಶ್ಶು ಹಿಡಿದು ಓಡಾಡುತ್ತಿದ್ದ. ಬೂಟಿಗೆ ಮೆತ್ತಿದ ಕೆಸರನ್ನು ಬ್ರಶ್ಶಿನಿಂದ ತೆಗೆಯುವುದು, ಮುಂದಿನವನ ಹತ್ತಿರ ಓಡುವುದು. ಬೂಟಿನ ತಳದ ಮೊಳೆಗೆ ಕೆಸರು ತುಂಬಿದರೆ ಕಾಲು ಹಿಡಿತ ತಪ್ಪುತ್ತದೆ, ಕಾಲು ತಪ್ಪಿದರೆ ಆಟ ಹೋಗುವುದಿರಲಿ, ಮೊಣಕಾಲೇ ಹೋಗುತ್ತದೆ. ಈ ಕೆಲಸ ಮಾಡು ಎಂದು ಯಾವ ನಿಯಮದಲ್ಲೂ ಬರೆದಿಲ್ಲ. ಟಿವಿಯಲ್ಲಿ ಆ ಚಿತ್ರ ಬಂತು, ದೇಶ ನಗುತ್ತ ಮೆಚ್ಚಿತು, ಮರುದಿನ ಮರೆತಿತು.

ಆ ಮನುಷ್ಯ ಉತ್ತರ ಕನ್ನಡ ಜಿಲ್ಲೆಯ ಕುಮಟಾದ ಕಡೆಯ ರಾಘವೇಂದ್ರ. ತಂಡದಲ್ಲಿ ಎಲ್ಲರೂ ಕರೆಯುವುದು ರಘು ಎಂದು. 2011ರಲ್ಲಿ ಭಾರತ ತಂಡದ ತರಬೇತಿ ಸಹಾಯಕರಾಗಿ ಸೇರಿದವರು.

ಒಗೆಯುವುದೂ ಒಂದು ವಿದ್ಯೆ

ರಘು ಅವರ ಮುಖ್ಯ ಕೆಲಸ ಬೂಟು ಒರೆಸುವುದಲ್ಲ. ಚೆಂಡು ಒಗೆಯುವುದು. ಇಂಗ್ಲಿಷಿನಲ್ಲಿ ಥ್ರೋಡೌನ್ ಎನ್ನುತ್ತಾರೆ. ಬೌಲರುಗಳು ದಿನವಿಡೀ ನೆಟ್ಟಿನಲ್ಲಿ ಬೌಲ್ ಮಾಡಿದರೆ ಪಂದ್ಯಕ್ಕೆ ಮುಂಚೆಯೇ ಅವರ ಹೆಗಲು ಮುರಿದುಹೋಗುತ್ತದೆ. ಬ್ಯಾಟ್ಸ್‌ಮನ್ನನಿಗೋ ನೂರಾರು ಚೆಂಡು ಬೇಕು. ಆ ನೂರಾರು ಚೆಂಡು ಕೊಡುವವರು ರಘು ಮತ್ತು ಅವರ ಜೊತೆಯವರು.

ಅದಕ್ಕೆ ಅವರ ಹತ್ತಿರ ಸೈಡ್‌ಆರ್ಮ್ ಎಂಬ ಒಂದು ಉಪಕರಣ ಇರುತ್ತದೆ. ಉದ್ದನೆಯ ಪ್ಲಾಸ್ಟಿಕ್ ಹಿಡಿಕೆ, ತುದಿಗೆ ಚೆಂಡು ಕೂಡುವ ಬಟ್ಟಲು. ವಿಲಾಯತಿಯಲ್ಲಿ ಸಾಕಿದ ನಾಯಿಗೆ ಚೆಂಡು ದೂರ ಒಗೆಯಲಿಕ್ಕೆ ಇಟ್ಟುಕೊಳ್ಳುವ ಕೋಲಿನಿಂದ ಹುಟ್ಟಿದ ಉಪಾಯ ಇದು. ಕವಣೆ ಬೀಸಿ ಜೋಳದ ಹೊಲದಲ್ಲಿ ಹಕ್ಕಿ ಹೊಡೆದವರಿಗೆ ಇದರ ಗುಟ್ಟು ಬೇರೆ ಹೇಳಬೇಕಿಲ್ಲ. ತೋಳು ಉದ್ದವಾದಷ್ಟೂ ಅದೇ ಶಕ್ತಿಗೆ ವೇಗ ಹೆಚ್ಚು. ತಾಸಿಗೆ 150 ಕಿಲೋಮೀಟರ್ ವೇಗದಲ್ಲಿ ಬಂದ ಚೆಂಡು ಬ್ಯಾಟಿನ ಹತ್ತಿರ ಮುಟ್ಟಲಿಕ್ಕೆ ಅರ್ಧ ಸೆಕೆಂಡು ಕೂಡ ಬೇಡ. ಆ ವೇಗದ ಚೆಂಡನ್ನು ಬೇಕಾದ ಜಾಗಕ್ಕೆ, ಬೇಕಾದ ಎತ್ತರಕ್ಕೆ ದಿನಕ್ಕೆ ನೂರಾರು ಸಲ ಒಗೆಯುವುದು ಸಾಮಾನ್ಯ ಕೈಯಿಂದ ಆಗುವ ಮಾತಲ್ಲ.

2020ರಲ್ಲಿ ಬಾಂಗ್ಲಾದ ತಮೀಮ್ ಇಕ್ಬಾಲ್ ಜೊತೆ ಮಾತಾಡುವಾಗ ವಿರಾಟ್ ಕೊಹ್ಲಿ ಒಂದು ಮಾತು ಹೇಳಿದರು. 2013ರಿಂದ ಈಚೆಗೆ ಭಾರತದವರು ವೇಗದ ಬೌಲಿಂಗನ್ನು ಚೆನ್ನಾಗಿ ಆಡುತ್ತಿದ್ದರೆ ಅದಕ್ಕೆ ಕಾರಣ ರಘು, ಅವರು 150 ಮೀರಿದ ವೇಗದಲ್ಲಿ ಒಗೆದ ಚೆಂಡು ಆಡಿ ಪಂದ್ಯಕ್ಕೆ ಹೋದರೆ ಕೈಯಲ್ಲಿ ಬಹಳ ಸಮಯ ಇದೆ ಅನ್ನಿಸುತ್ತದೆ ಎಂಬ ಅರ್ಥದ ಮಾತು. 2023ರ ಜನವರಿ 15ರಂದು ತಿರುವನಂತಪುರದಲ್ಲಿ ಶ್ರೀಲಂಕಾವನ್ನು ಭಾರತ 317 ರನ್ನಿನಿಂದ ಸೋಲಿಸಿತು. ಕೊಹ್ಲಿ 166, ಶುಭಮನ್ ಗಿಲ್ 116. ಪಂದ್ಯ ಮುಗಿದ ಮೇಲೆ ಇಬ್ಬರೂ ಕ್ಯಾಮೆರಾದ ಮುಂದೆ ನಿಂತು ತಮ್ಮ ಪಕ್ಕಕ್ಕೆ ರಘು, ಶ್ರೀಲಂಕಾದ ನುವಾನ್, ಬಂಗಾಳದ ದಯಾನಂದ ಗರಾನಿ ಈ ಮೂವರನ್ನು ಕರೆದುಕೊಂಡರು. ಇವರ ಮುಖ, ಹೆಸರು ನೆನಪಿಡಿ ಎಂದು ಕೊಹ್ಲಿ ಜನರಿಗೆ ಹೇಳಿದರು. ಹೊಡೆದವನೇ ನಿಂತು ಒಗೆದವನ ಹೆಸರು ಹೇಳಿದ್ದು ದೊಡ್ಡ ಮಾತು.

21 ರೂಪಾಯಿ ಮತ್ತು ಸ್ಮಶಾನ

ರಘು ಬೆಳೆದುಬಂದ ದಾರಿ ಹಲವು ಪತ್ರಿಕೆಗಳಲ್ಲಿ ಬಂದಿದೆ. ಬಂದ ಪ್ರಕಾರ ಹೇಳುವುದಾದರೆ, ಕ್ರಿಕೆಟ್ಟಿನ ಹುಚ್ಚಿಗೆ ಮನೆಬಿಟ್ಟು ಹುಬ್ಬಳ್ಳಿಗೆ ಬಂದಾಗ ಕಿಸೆಯಲ್ಲಿ ಇದ್ದದ್ದು 21 ರೂಪಾಯಿ. ಮಲಗಿದ್ದು ಬಸ್ ಸ್ಟ್ಯಾಂಡಿನಲ್ಲಿ. ಅಲ್ಲಿಂದ ಎಬ್ಬಿಸಿದ ಮೇಲೆ ದೇವಸ್ಥಾನದಲ್ಲಿ. ಅಲ್ಲೂ ಜಾಗ ಇಲ್ಲ ಎಂದಾದಾಗ ಸ್ಮಶಾನದ ಹಾಳು ಕಟ್ಟಡದಲ್ಲಿ, ಅದೂ ಒಂದೆರಡು ದಿನವಲ್ಲ, ವರ್ಷಗಟ್ಟಲೆ. ಬಲಗೈಗೆ ಪೆಟ್ಟಾಗಿ ತಾನು ಆಟಗಾರ ಆಗುವ ಆಸೆ ಅಲ್ಲಿಗೇ ನಿಂತಿತು. ಆಟ ಬಿಡಲಿಲ್ಲ, ಬೇರೆಯವರನ್ನು ಆಡಿಸಲಿಕ್ಕೆ ನಿಂತರು. ಬೆಂಗಳೂರಿಗೆ ಬಂದು ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಕ್ರಿಕೆಟ್‌ನಲ್ಲಿ ಚೆಂಡು ಒಗೆಯುವ ಕೆಲಸ. ವಿಕೆಟ್ ಕೀಪರ್ ತಿಲಕ್ ನಾಯ್ಡು ಅವರ ಮೂಲಕ ಜಾವಗಲ್ ಶ್ರೀನಾಥರ ಕಣ್ಣಿಗೆ ಬಿದ್ದರು. ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ ಕರ್ನಾಟಕದ ಆಟಗಾರರಿಗೆ ಒಗೆದರು, ಮುಂದೆ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಹೋದರು. ಮೊದಲಿನ ಮೂರ್ನಾಲ್ಕು ವರ್ಷ ಒಂದು ಪೈಸೆ ಸಂಬಳ ಇಲ್ಲದೆ.

ಈ ಕಥೆ ಮೊಬೈಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಲೇ ಇರುತ್ತದೆ. ಹಿನ್ನೆಲೆಯಲ್ಲಿ ಒಂದು ದುಃಖದ ಸಂಗೀತ, ಕೊನೆಗೆ ನಾಲ್ಕು ಅಕ್ಷರದ ಉಪದೇಶ. ಕಷ್ಟಪಟ್ಟರೆ ಫಲ ಉಂಟು ಅಂತ. ಓದಿದವರು ಕಣ್ಣೊರೆಸಿಕೊಂಡು ಮುಂದೆ ಕಳಿಸುತ್ತಾರೆ.

ನನ್ನ ತಕರಾರು ಇರುವುದು ಇಲ್ಲೇ.

ರಘು ಅವರ ಛಲಕ್ಕೆ ಕೈ ಮುಗಿಯೋಣ. ಸಂಬಳವಿಲ್ಲದ ಆ ವರ್ಷಗಳಲ್ಲಿ ಅವರು ಒಗೆದ ಪ್ರತಿ ಚೆಂಡೂ ದಾನವೇ. ದುಡ್ಡಿದ್ದವನು ದುಡ್ಡು ಕೊಡುತ್ತಾನೆ, ಇಲ್ಲದವನು ಮೈ ಕೊಡುತ್ತಾನೆ. ದಾನದಲ್ಲಿ ಮೈ ಕೊಟ್ಟದ್ದೇ ದೊಡ್ಡದು. ಆದರೆ ದಾನ ಕೊಟ್ಟವನನ್ನು ಹೊಗಳುವ ಭರದಲ್ಲಿ ತೆಗೆದುಕೊಂಡವನನ್ನು ಯಾರೂ ಕೇಳುವುದಿಲ್ಲವಲ್ಲ? ಅವರ ಚೆಂಡು ಆಡಿ ಬೆಳೆದ ಆಟಗಾರರಿಗೆ ಪಂದ್ಯದ ಭತ್ತೆ ಇತ್ತು, ಹೋಟೆಲ್ಲಿನ ಕೋಣೆ ಇತ್ತು. ಒಗೆದವನಿಗೆ ಏನಿತ್ತು? ಒಬ್ಬ ರಘು ಸ್ಮಶಾನದಿಂದ ಎದ್ದು ಭಾರತ ತಂಡ ಸೇರಿದ. ಅದೇ ದಾರಿಯಲ್ಲಿ ಹಸಿದು ಹಿಂದಕ್ಕೆ ಹೋದವರು, ಹೋಟೆಲ್ಲಿನ ಕಪ್ಪು-ಬಶಿ ತೊಳೆಯಲಿಕ್ಕೆ ನಿಂತವರು, ಗೌಂಡಿ ಕೆಲಸಕ್ಕೆ ಹೋದವರು, ಅವರ ಕಥೆ ಯಾವ ಮೊಬೈಲಿನಲ್ಲಿ ಬರುತ್ತದೆ? ಹಸಿವನ್ನು ಹೊಗಳುವುದು ಸುಲಭ. ಹೊಗಳಿದರೆ ಊಟ ಹಾಕುವ ಖರ್ಚು ಉಳಿಯುತ್ತದೆ.

ದ್ರಾವಿಡ್ ಹಾಕಿದ ಲೆಕ್ಕ

ಇದಕ್ಕೆ ಬೇರೆ ದಾರಿ ಇಲ್ಲವೇ ಎಂದರೆ ಇದೆ. ತೋರಿಸಿದವರೂ ಕನ್ನಡಿಗರೇ.

2018ರ ಫೆಬ್ರವರಿ 3ರಂದು ನ್ಯೂಜಿಲೆಂಡಿನಲ್ಲಿ 19 ವರ್ಷದೊಳಗಿನ ಹುಡುಗರ ವಿಶ್ವಕಪ್ಪನ್ನು ಭಾರತ ಗೆದ್ದಿತು. ಕೋಚ್ ರಾಹುಲ್ ದ್ರಾವಿಡ್. ಮಂಡಳಿ ಬಹುಮಾನ ಸಾರಿತು: ದ್ರಾವಿಡ್‌ಗೆ 50 ಲಕ್ಷ, ಆಟಗಾರರಿಗೆ ತಲಾ 30 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ. ದ್ರಾವಿಡ್ ಒಪ್ಪಲಿಲ್ಲ. ನನಗೊಂದು, ಅವರಿಗೊಂದು ಯಾಕೆ ಎಂದರು. ಕೊನೆಗೆ ಮಂಡಳಿ ಲೆಕ್ಕ ಬದಲಿಸಿ ದ್ರಾವಿಡ್‌ಗೂ 25 ಲಕ್ಷ, ಸಿಬ್ಬಂದಿಗೂ ತಲಾ 25 ಲಕ್ಷ ಎಂದು ಮಾಡಿತು. ತಮ್ಮ ಅರ್ಧ ಬಿಟ್ಟುಕೊಟ್ಟು ಅವರಿಗೆ ಸಮ ಮಾಡಿಸಿದರು.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಆ ಹುಡುಗರ ಮೈ ಹುರಿಗಟ್ಟಿಸಿದ ಟ್ರೈನರ್ ರಾಜೇಶ್ ಸಾವಂತ್ 2017ರ ಜನವರಿಯಲ್ಲಿ ಮುಂಬೈಯಲ್ಲಿ ತಂಡದ ಜೊತೆ ಇದ್ದಾಗಲೇ ತೀರಿಕೊಂಡಿದ್ದರು. ಕಪ್ಪು ಗೆದ್ದದ್ದು ಅವರು ಹೋಗಿ ಒಂದು ವರ್ಷದ ಮೇಲೆ. ಆದರೂ ಬದಲಾದ ಪಟ್ಟಿಯಲ್ಲಿ ಅವರ ಕುಟುಂಬಕ್ಕೂ ಪಾಲು ಸೇರಿತು. ಬೆಳೆ ಕೊಯ್ಯುವ ಹೊತ್ತಿಗೆ ಬಿತ್ತಿದವ ಇಲ್ಲದಿದ್ದರೂ ಅವನ ಮನೆಗೆ ಚೀಲ ಮುಟ್ಟಿಸಬೇಕು ಎನ್ನುವುದು ನಮ್ಮ ಕಣದ ಧರ್ಮ. ಅಲ್ಲಿ ಆದದ್ದು ಅದೇ.

2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ದೊಡ್ಡವರ ಟಿ-20 ವಿಶ್ವಕಪ್ಪು ಬಂತು. ಮಂಡಳಿ 125 ಕೋಟಿ ಸಾರಿತು. ಪತ್ರಿಕೆಗಳಲ್ಲಿ ಬಂದ ಲೆಕ್ಕದ ಪ್ರಕಾರ ಆಟಗಾರರಿಗೂ ದ್ರಾವಿಡ್‌ಗೂ 5 ಕೋಟಿ, ಬ್ಯಾಟಿಂಗ್, ಬೌಲಿಂಗ್, ಫೀಲ್ಡಿಂಗ್ ಕೋಚುಗಳಿಗೆ ಎರಡೂವರೆ ಕೋಟಿ. ದ್ರಾವಿಡ್ ಮತ್ತೆ ಅದೇ ಮಾತು: ನನಗೂ ಎರಡೂವರೆಯೇ ಸಾಕು. ಫಿಸಿಯೋಗಳಿಗೆ, ಮಾಲೀಶು ಮಾಡುವವರಿಗೆ, ರಘು ಥರ ಚೆಂಡು ಒಗೆಯುವವರಿಗೆ ತಲಾ 2 ಕೋಟಿ.

21 ರೂಪಾಯಿಯಿಂದ 2 ಕೋಟಿ. ಓದಲಿಕ್ಕೆ ಸಿನಿಮಾ ಇದ್ದಂಗ ಇದೆ. ಆದರೆ ಇದರಲ್ಲಿ ಕಲಿಯಬೇಕಾದ್ದು ಅದೃಷ್ಟದ ಪಾಠ ಅಲ್ಲ, ಲೆಕ್ಕದ ಪಾಠ. ಗೆದ್ದ ದಿನ ಹಣ ಹಂಚುವಾಗ ಕಲಿಸಿದವನ ಹೆಸರಿಗೂ ಒಂದು ಸಾಲು ಬರೆದಿದ್ದರು. ಆ ಸಾಲು ಇದ್ದದ್ದಕ್ಕೆ ಅವನಿಗೆ ಮುಟ್ಟಿತು. ಇಲ್ಲದಿದ್ದರೆ ಮತ್ತೊಂದು ಶಾಲು, ಮತ್ತೊಂದು ತೆಂಗಿನಕಾಯಿ.

ಇನ್ನೂ ಇಬ್ಬರು

ಕ್ರಿಕೆಟ್ಟಿಗೆ ದುಡ್ಡಿದೆ, ಬಿಡ್ರಿ ಎನ್ನುವವರಿಗೆ ಬೇರೆ ಆಟದ ಮಾತು ಹೇಳುತ್ತೇನೆ.

ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮಿನಲ್ಲಿ ಎನ್. ಲಿಂಗಪ್ಪ ಎಂಬ ಹಿರಿಯರಿದ್ದರು. ಓಟದ ಗುರು. ತಲೆಮಾರುಗಟ್ಟಲೆ ಹುಡುಗ ಹುಡುಗಿಯರನ್ನು ಟ್ರ್ಯಾಕಿನ ಮೇಲೆ ಓಡಿಸಿದರು. ದೇಶ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಕೊಟ್ಟದ್ದು 2014ರಲ್ಲಿ. ಆಗ ಅವರ ವಯಸ್ಸು ತೊಂಬತ್ತರ ಆಸುಪಾಸು! 2020ರಲ್ಲಿ ತೀರಿಕೊಂಡರು. ಆ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. ಸರಕಾರದ ಕಣ್ಣಿಗೆ ಲಿಂಗಪ್ಪನವರು ಬೀಳಲಿಕ್ಕೆ ಅಲ್ಲಿಂದ ಮತ್ತೆ 29 ವರ್ಷ ಹಿಡಿಯಿತು.

ಇನ್ನೊಬ್ಬರು ಹಾಕಿಯ ಜೂಡ್ ಫೆಲಿಕ್ಸ್. 1988ರ ಸಿಯೋಲ್, 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಆಡಿದವರು, ಭಾರತದ ನಾಯಕರಾಗಿದ್ದವರು. ಹೆಸರು ಮಾಡಿದ ಆಟಗಾರರು ಆಟ ಮುಗಿದ ಮೇಲೆ ಹೋಟೆಲ್ಲು ತೆಗೆಯುತ್ತಾರೆ, ಜಾಹೀರಾತಿನಲ್ಲಿ ಬರುತ್ತಾರೆ. ಇವರು 2009ರಲ್ಲಿ ಬೆಂಗಳೂರಿನಲ್ಲಿ ಹಾಕಿ ಅಕಾಡೆಮಿ ತೆಗೆದರು. ಅಲ್ಲಿಗೆ ಸೇರಿಸಿಕೊಂಡದ್ದು ಫೀ ಕಟ್ಟುವ ಮಕ್ಕಳನ್ನಲ್ಲ, ಅನಾಥಾಲಯದ ಮಕ್ಕಳನ್ನು, ಬಡವರ ಮಕ್ಕಳನ್ನು. 2020ರಲ್ಲಿ ಅವರಿಗೂ ದ್ರೋಣಾಚಾರ್ಯ ಪ್ರಶಸ್ತಿ ಬಂತು.

ಪ್ರಶಸ್ತಿಯ ಹೆಸರೇ ಒಂದು ತಮಾಷೆ ನೋಡ್ರಿ. ಪುರಾಣದ ದ್ರೋಣಾಚಾರ್ಯ ಶಿಷ್ಯನ ಹೆಬ್ಬೆರಳು ಕೇಳಿದ. ನಮ್ಮ ಕಾಲದಲ್ಲಿ ಅದು ತಿರುವುಮುರುವಾಗಿದೆ. ಊರೇ ಸೇರಿ ಗುರುವಿನ ಹೆಬ್ಬೆರಳು ಕೇಳುತ್ತದೆ. ಪುಕ್ಕಟೆ ಕಲಿಸು, ಪುಕ್ಕಟೆ ಬಾ, ಗೆದ್ದರೆ ಫೋಟೋದಲ್ಲಿ ಹಿಂದೆ ನಿಲ್ಲು.

ಇನ್ನು ನಮ್ಮ ಊರಿನ ಮಾತು

ಬೆಂಗಳೂರು, ಬಾರ್ಬಡೋಸ್ ಆಯಿತು. ಇನ್ನು ಬಸ್ಸು ಇಳಿದು ನಮ್ಮ ಊರಿಗೆ ಬರೋಣ.

ನಮ್ಮ ಕಡೆ ಕುಸ್ತಿಯ ಗರಡಿಗೆ ತಾಲೀಮು ಎನ್ನುತ್ತಾರೆ. ತಾಲೀಮು ಎಂದರೆ ಮೂಲದಲ್ಲಿ ಕಲಿಕೆ ಎಂದೇ ಅರ್ಥ. ಕಲಿಸುವವ ಉಸ್ತಾದ. ಆ ಉಸ್ತಾದನಿಗೆ ಊರಿನವರು ಹಾಲು ಕೊಡುತ್ತಿದ್ದರು, ಜೋಳ ಅಳೆಯುತ್ತಿದ್ದರು, ಜಾತ್ರೆಯ ಕುಸ್ತಿಯಲ್ಲಿ ಮೊದಲ ಮಾನ ಅವನಿಗೆ. ಅದು ಭಿಕ್ಷೆ ಅಲ್ಲ, ಹಕ್ಕು. ಆ ಕಾಲ ಹೋಯಿತು. ತಾಲೀಮುಗಳು ಬಾಗಿಲು ಹಾಕಿದವು. ಈಗ ಉಸ್ತಾದನ ಜಾಗದಲ್ಲಿ ಇರುವವರು ಶಾಲೆಯ ಪಿ.ಟಿ. ಮಾಸ್ತರು, ಇಲ್ಲವೇ ಪಂಪಿನಲ್ಲೋ ಕ್ವಾರಿಯಲ್ಲೋ ದುಡಿದು ಬಂದು ಸಂಜೆ ಹುಡುಗರಿಗೆ ಕಲಿಸುವ ಹಳೇ ಆಟಗಾರ. ಪಿ.ಟಿ. ಮಾಸ್ತರಿಗಾದರೂ ಸಂಬಳ ಬರುತ್ತದೆ, ಹಳೇ ಆಟಗಾರನಿಗೆ ಬರುವುದು ಬೆವರು ಮಾತ್ರ.

ಹುಡುಗರೇನು ಕಮ್ಮಿಯೇ? ಶಹಾಬಾದಿನ ಫರ್ಸಿ ಕ್ವಾರಿಯಲ್ಲಿ ಅಪ್ಪನ ಜೊತೆ ಕಲ್ಲು ಎತ್ತಿದ ಹುಡುಗನ ಹೆಗಲಿಗೆ ಗುಂಡೆಸೆತ ಕಲಿಸುವುದು ಕಷ್ಟವೇ? ಚಿಂಚೋಳಿಯ ತಾಂಡಾದಿಂದ ದಿನಾ ಮೈಲಿಗಟ್ಟಲೆ ನಡೆದು ಶಾಲೆಗೆ ಬರುವ ಹುಡುಗಿಗೆ ದೂರದ ಓಟ ಹೊಸತೇ? ಕಸುವು ಇದೆ. ಅದನ್ನು ತಿದ್ದುವ ಕೈ ಬೇಕು. ತಿದ್ದುವ ಕೈ ಇಲ್ಲದಿದ್ದರೆ ಏನಾಗುತ್ತದೆ? ಮೊಬೈಲಿನ ವಿಡಿಯೋ ನೋಡಿ ಭಾರ ಎತ್ತುತ್ತಾರೆ, ನಡ ಹಿಡಿಸಿಕೊಳ್ಳುತ್ತಾರೆ. ಗೊರಸು ನೆಲದ ಮೇಲೆ ಬರಿಗಾಲಲ್ಲಿ ಓಡಿ ಮೊಣಕಾಲು ಕಳೆದುಕೊಳ್ಳುತ್ತಾರೆ. ಡಬ್ಬಿಯ ಪುಡಿ ತಿಂದರೆ ಮೈ ಬರುತ್ತದೆ ಎಂದು ನಂಬಿ ಅಪ್ಪನ ದುಡ್ಡು ಹಾಳು ಮಾಡುತ್ತಾರೆ. ರಘು ಅವರ ಬಲಗೈ ಪೆಟ್ಟಾದಾಗ ಅವರ ಆಟ ಮುಗಿಯಿತು. ನಮ್ಮಲ್ಲಿ ಹಾಗೆ ಮುಗಿದವರ ಲೆಕ್ಕ ಇಟ್ಟವರಾರು?

ಹೆಸರಿಗೆ ಮಾತ್ರ ನಾವು ಹಿಂದೆ ಬಿದ್ದಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಟಿ-20 ಶುರುವಾದಾಗ ನಮ್ಮ ಜಿಲ್ಲೆಯ ಹೆಸರಿನಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಎಂಬ ತಂಡ ಬಂತು. ಮೊದಲ ವರ್ಷವೇ ಕಪ್ಪು ಗೆದ್ದಿತು. ಸಂತೋಷ. ಆದರೆ ಆ ವರ್ಷದ ಪಂದ್ಯ ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಅಂಗಿಯ ಮೇಲೆ ನಮ್ಮ ಹೆಸರು, ಕಾಲ ಕೆಳಗೆ ಅವರ ನೆಲ. ನಮ್ಮ ಹುಡುಗ ಅಂಗಡಿಯ ಟಿವಿಯಲ್ಲಿ ನೋಡಿ ಚಪ್ಪಾಳೆ ಹೊಡೆದ, ಅಷ್ಟೇ.

ಪಟ್ಟಿ ಪುಸ್ತಕದ ಮಾತು

ಹಾಗಂತ ನಮ್ಮ ಊರಿನಲ್ಲಿ ಆಟಕ್ಕೆ ದುಡ್ಡು ಇಲ್ಲವೇ? ಇದೆ ಸ್ವಾಮಿ. ಬೇಸಿಗೆ ಬಂದರೆ ಸಾಕು, ಟೆನಿಸ್ ಬಾಲ್ ಟೂರ್ನಮೆಂಟು. ಹುಡುಗರು ಪಟ್ಟಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗುತ್ತಾರೆ. ಕಿರಾಣಿಯವರು ಕೊಡುತ್ತಾರೆ, ಬಟ್ಟೆ ಅಂಗಡಿಯವರು ಕೊಡುತ್ತಾರೆ, ಸಿಮೆಂಟು-ಕಬ್ಬಿಣದವರು ಜಾಸ್ತಿ ಕೊಡುತ್ತಾರೆ. ಆ ದುಡ್ಡು ಎಲ್ಲಿ ಹೋಗುತ್ತದೆ? ಪೆಂಡಾಲು, ಮೈಕು, ಪಟಾಕಿ. ನಾಯಕರ ಮುಖ ಇರುವ ದೊಡ್ಡ ಬ್ಯಾನರು. ಮನುಷ್ಯನ ಎತ್ತರದ ಟ್ರೋಫಿ. ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಪಂದ್ಯ ಪುರುಷ, ಸರಣಿ ಪುರುಷ. ಕಲಿಸಿದ ಪುರುಷ ಎಂಬ ಸಾಲು ಮಾತ್ರ ಇಲ್ಲ.

ಸೇಡಂ ಬಜಾರದ ಒಬ್ಬ ಅಂಗಡಿಯವರ ಮುಂದೆ ಈ ಮಾತು ತೆಗೆದೆ. "ಅಲ್ರೀ ರಿಪೋರ್ಟರ್ ಸಾಹೇಬ್ರ, ಅವ ಹವ್ಯಾಸಕ್ಕ ಕಲಸ್ತಾನ. ರೊಕ್ಕ ಕೊಟ್ರ ಅದು ಧಂದೆ ಆಗಂಗಿಲ್ಲೇನ್ರಿ?" ಎಂದರು.

"ಸಾವ್ಕಾರ್ರ, ನಿಮ್ಮ ಮಗಗ ಗಣಿತ ಹೇಳಿಕೊಡೋ ಟ್ಯೂಶನ್ ಮಾಸ್ತರು ತಿಂಗಳಾ ರೊಕ್ಕ ತಗೋತಾರಲ್ಲ, ಅವರು ಕೆಟ್ಟುಹೋದ್ರೇನ್ರಿ?" ಎಂದು ಕೇಳಿದೆ.

ಅವರು ನಕ್ಕರು. "ಖರೆ ಅದ ಬಿಡ್ರಿ" ಎಂದು ಗಿರಾಕಿಗೆ ಸಕ್ಕರೆ ತೂಗಲಿಕ್ಕೆ ಎದ್ದರು.

ಅವರ ಪ್ರಶ್ನೆ ತಪ್ಪಲ್ಲ, ನಮ್ಮೆಲ್ಲರ ತಲೆಯಲ್ಲೂ ಅದೇ ಇದೆ. ಆಟ ಕಲಿಸುವವ ಸಂತನಂತೆ ಇರಬೇಕು, ದುಡ್ಡಿನ ಮಾತು ಆಡಬಾರದು ಎಂದು. ಆದರೆ ಸಂತನಿಗೂ ಸಂಜೆ ಒಲೆ ಹೊತ್ತಬೇಕು. ಹೊತ್ತದಿದ್ದರೆ ನಾಲ್ಕು ವರ್ಷ ಕಲಿಸುತ್ತಾನೆ, ಐದನೇ ವರ್ಷ ಪುಣೆಗೋ ಹೈದರಾಬಾದಿಗೋ ವಾಚ್‌ಮನ್ ಕೆಲಸಕ್ಕೆ ಗಾಡಿ ಹತ್ತುತ್ತಾನೆ. ಅವನ ಹಿಂದೆ ಇಪ್ಪತ್ತು ಹುಡುಗರ ಆಟವೂ ಹೋಗುತ್ತದೆ. ವಾಡಿಯಲ್ಲಿ ಗಾಡಿ ಕಾಯುವಾಗ ಸುತ್ತ ನೋಡ್ರಿ. ಅಂಥವರು ಪೆಟ್ಟಿಗೆ ಹಿಡಿದು ನಿಂತಿರುತ್ತಾರೆ.

ಮಾಡಬಹುದಾದ್ದು

ಬರೀ ಬೈದು ಬಿಟ್ಟರೆ ಪತ್ರಿಕೆಯವರ ಕೆಲಸ ಅರ್ಧ. ಆದ್ದರಿಂದ ಮೂರು ಮಾತು.

ಒಂದು, ಪಟ್ಟಿ ಕೊಡುವ ಅಂಗಡಿಯವರಿಗೆ. ಮುಂದಿನ ಸಲ ಹುಡುಗರು ಪುಸ್ತಕ ಚಾಚಿದಾಗ ಕೊಡಿ, ಇಲ್ಲ ಎನ್ನಬೇಡಿ. ಕೊಡುವ ಮುಂಚೆ ಒಂದೇ ಪ್ರಶ್ನೆ ಕೇಳಿ: ನಿಮಗೆ ಕಲಿಸುವವ ಯಾರು, ಅವನಿಗೆ ಎಷ್ಟು? ನೂರಕ್ಕೆ ಹತ್ತು ಅವನ ಪಾಲು ಎಂದು ಪುಸ್ತಕದ ಮೊದಲ ಪುಟದಲ್ಲೇ ಬರೆಸಿ. ಹ್ಯಾಂಡ್‌ಬಿಲ್ಲಿನಲ್ಲಿ ನಾಯಕರ ಹೆಸರಿನ ಕೆಳಗಾದರೂ ಅವನ ಹೆಸರು ಹಾಕಿಸಿ. ದುಡ್ಡು ಆಗದಿದ್ದರೆ ಸಾಮಾನು ಕೊಡಿ. ಔಷಧಿ ಅಂಗಡಿಯವರು ಪಟ್ಟಿ-ಬ್ಯಾಂಡೇಜು, ತಂಪು ಪಾನೀಯದವರು ಪೆಟ್ಟಾದ ಕಾಲಿಗೆ ಇಡುವ ಮಂಜುಗಡ್ಡೆ, ಚಪ್ಪಲಿ ಅಂಗಡಿಯವರು ವರ್ಷಕ್ಕೆ ಎರಡು ಜೊತೆ ಬೂಟು. ಯಾರಿಗೂ ಭಾರ ಅಲ್ಲ.

ಎರಡು, ನಮ್ಮ ಸುತ್ತಿನ ಸಿಮೆಂಟು ಕಾರ್ಖಾನೆಗಳಿಗೆ. ವಾಡಿ, ಸೇಡಂ, ಮಳಖೇಡದ ಸುಣ್ಣಕಲ್ಲು ದೇಶದ ಗೋಡೆಗಳಾಗಿ ನಿಂತಿದೆ. 2013ರ ಕಂಪನಿ ಕಾಯಿದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜದ ಕೆಲಸಕ್ಕೆ ಹಾಕಬೇಕು. ಯಾವ ಯಾವ ಕೆಲಸ ಎಂಬ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆಯ ತರಬೇತಿ ಎಂದು ಸ್ಪಷ್ಟವಾಗಿ ಬರೆದಿದೆ. ಕಟ್ಟಡ ಕಟ್ಟಿಸಿ ಫಲಕ ಹಾಕಿಸುವುದು ಸುಲಭ, ಉದ್ಘಾಟನೆಗೆ ಫೋಟೋ ಬರುತ್ತದೆ. ನಾವು ಕೇಳುವುದು ಕಟ್ಟಡ ಅಲ್ಲ, ಮನುಷ್ಯ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಊರಿಗೊಬ್ಬ ತರಬೇತುದಾರ, ಅವನಿಗೆ ತಿಂಗಳು ತಿಂಗಳು ಸಂಬಳ. ಐದು ಸಂಬಳ, ಅಷ್ಟೇ. ಕಾರ್ಖಾನೆಯ ಧೂಳಿನಲ್ಲಿ ಬೆಳೆದ ಮಕ್ಕಳಿಗೆ ಇಷ್ಟು ಕೇಳುವುದು ದುರಾಸೆ ಆಗಲಾರದು.

ಮೂರು, ಸರಕಾರಕ್ಕೆ ಮತ್ತು ಸಾರಿಗೆಯವರಿಗೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ ಆಯಿತು. ಚಿಂಚೋಳಿಯ ಹುಡುಗಿ ಕಲಬುರಗಿಯ ಚಂದ್ರಶೇಖರ ಪಾಟೀಲ ಸ್ಟೇಡಿಯಮ್ಮಿಗೆ ಟಿಕೀಟಿನ ದುಡ್ಡಿಲ್ಲದೆ ಹೋಗಿ ಬರಲಿಕ್ಕೆ ದಾರಿಯಾಯಿತು. ಒಳ್ಳೆಯದು. ಆದರೆ ಅವಳ ಜೊತೆ ಹೋಗುವ ತರಬೇತುದಾರ? ರೈಲಿಲ್ಲದ ಊರು ಅದು, ಬಸ್ಸೇ ಗತಿ. ಹೆಸರು ನೋಂದಾಯಿಸಿದ ತರಬೇತುದಾರರಿಗೆ ಮಕ್ಕಳನ್ನು ಪಂದ್ಯಕ್ಕೆ ಕರೆದೊಯ್ಯುವ ದಿನ ಒಂದು ಪಾಸು ಕೊಟ್ಟರೆ ನಿಗಮ ಮುಳುಗುವುದಿಲ್ಲ. ಶಾಲೆಗಳಲ್ಲಿ ಪಿ.ಟಿ. ಮಾಸ್ತರಿಗೆ ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಎಂದು ಬೇರೆ ಕೆಲಸ ಹೇರುವುದನ್ನು ಕಡಿಮೆ ಮಾಡಲಿ. ಮೈದಾನದಲ್ಲಿ ಇರಬೇಕಾದ ಮನುಷ್ಯ ರಜಿಸ್ಟರಿನ ಮುಂದೆ ಕೂತರೆ ಮಕ್ಕಳು ಯಾರ ಸೀಟಿ ಕೇಳಬೇಕು?

ಇಷ್ಟು ಮಾಡಿದರೆ ನಾಳೆಯೇ ಸೇಡಂನಿಂದ ಒಲಿಂಪಿಕ್ಸಿಗೆ ಹೋಗುತ್ತಾರೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದು ಭಾಷಣ ಮಾಡುವವರ ಕೆಲಸ. ಹುಡುಗನಿಗೆ ನಡ ಉಳಿಯುತ್ತದೆ. ಹುಡುಗಿಗೆ ಓಡಲಿಕ್ಕೆ ಒಂದು ಸಂಜೆ ಸಿಗುತ್ತದೆ. ಪೊಲೀಸು, ಮಿಲಿಟರಿ ಭರ್ತಿಗೆ ಹೋದವನು ಓಟದಲ್ಲೇ ಫೇಲಾಗಿ ವಾಪಸು ಬರುವುದು ತಪ್ಪುತ್ತದೆ. ಕಲಿಸುವವನು ಊರು ಬಿಡದೆ ಊರಲ್ಲೇ ಇರುತ್ತಾನೆ. ನಮಗೆ ಸದ್ಯಕ್ಕೆ ಇದು ಸಾಕು.

ರಘು ಅವರಿಗೆ ಹುಬ್ಬಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಮಲಗಲಿಕ್ಕೆ ಜಾಗ ಸಿಗಲಿಲ್ಲ. ಅವರು ಸ್ಮಶಾನಕ್ಕೆ ಹೋಗಿ ಮಲಗಿ ಗೆದ್ದು ಬಂದರು, ಅದು ಅವರ ದೊಡ್ಡತನ. ನಮ್ಮ ಊರಿನ ಉಸ್ತಾದನೂ ಅಷ್ಟೇ ದೊಡ್ಡವನಾಗಲಿ ಎಂದು ಕಾಯುತ್ತ ಕೂರುವುದು ನಮ್ಮ ಸಣ್ಣತನ. ಶಾಲಿನಿಂದ ರೊಟ್ಟಿ ಬೇಯುವುದಿಲ್ಲ. ಬೇಸಿಗೆ ಟೂರ್ನಮೆಂಟಿನ ಪಟ್ಟಿ ಪುಸ್ತಕ ಇನ್ನೇನು ಅಚ್ಚಾಗುತ್ತದೆ, ನಿಮ್ಮ ಗಲ್ಲಾದ ಮುಂದೆ ಬಂದೇ ಬರುತ್ತದೆ. ಪೆನ್ನು ತೆಗೆಯುವ ಮುಂಚೆ ಆ ಒಂದು ಸಾಲು ಇದೆಯೋ ಇಲ್ಲವೋ ನೋಡಿಕೊಳ್ಳಿ.